ಪಟ್ಟಿಯಲ್ಲಿ ಒಂದೇ ಹೆಸರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ‘ಸ’ ಅನ್ನೋಣ. ಸ್ಥಳೀಯ ಸಂಸ್ಥೆಯೊಂದರ ಆರೋಗ್ಯ ವಿಭಾಗದಲ್ಲಿ ಕೆಲಸ. ವೃದ್ಧಾಶ್ರಮ, ಹಾಸ್ಟೆಲ್, ನಿರಾಶ್ರಿತರ ಕೇಂದ್ರ, ಹೀಗೆ ಹತ್ತಾರು ಜನ ಒಟ್ಟಿಗಿರುವ ಕಡೆ ಸೋಂಕು ಹಬ್ಬಿದರೆ ಓಡಬೇಕಾದವರು ಇವರೇ. ಕಾಗದದ ಮೇಲೆ ಮೂವರಿದ್ದಾರೆ. ಒಂದು ಹುದ್ದೆ ಖಾಲಿ, ಇನ್ನೊಬ್ಬರನ್ನು ಬೇರೆ ವಿಭಾಗಕ್ಕೆ ಎರವಲು ಕೊಟ್ಟಿದ್ದಾರೆ.

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆ ಇಲ್ಲ ಅಂತ. ಮಾತಾಡುವಾಗಲೂ ಫೋನು ತೊಡೆಯ ಮೇಲೆ. ವೃದ್ಧಾಶ್ರಮವೊಂದರಲ್ಲಿ ನೊರೊವೈರಸ್ ಹಬ್ಬಿ ಹಿರಿಯರೊಬ್ಬರು ತೀರಿಕೊಂಡಿದ್ದರು. “ಒಂದು ದಿನ ಮೊದಲೇ ಹೋಗಬೇಕಿತ್ತು” ಅನ್ನುವುದರಿಂದ ಇವರು ಆಚೆ ಬರುತ್ತಲೇ ಇರಲಿಲ್ಲ.

ಈ ಕಾಯಿಲೆಯ ಸ್ವಭಾವ ಗೊತ್ತಿಲ್ಲದಿದ್ದರೆ ಇವರ ಸಂಕಟ ಅರ್ಥವಾಗುವುದಿಲ್ಲ. ಸೋಂಕು ತಗುಲಿ 12ರಿಂದ 48 ಗಂಟೆಯೊಳಗೆ ವಾಂತಿ-ಭೇದಿ ಶುರುವಾಗುತ್ತದೆ. ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು-ನೀರೇ ಬೇಕು. ಕಾಯಿಲೆ ಬಿದ್ದ ಸಿಬ್ಬಂದಿ ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಕೆಲಸಕ್ಕೆ ಬರಬಾರದು. ಆದರೆ ಬದಲಿ ಜನ ಇಲ್ಲದ ಆ ಆಶ್ರಮ ಅವರನ್ನು ಮಾರನೇ ದಿನವೇ ಕರೆಸಿಕೊಂಡಿತ್ತು. ಅಲ್ಲೂ ಜನ ಇಲ್ಲ, ಇಲ್ಲೂ ಜನ ಇಲ್ಲ!

ಒಂದು ಹಾಳೆಯಲ್ಲಿ ವೃತ್ತ ಬರೆಸಿದೆ. ಈ ಸಾವಿಗೆ ಏನೇನು ಕಾರಣವೋ ಅದಕ್ಕೆ ತಕ್ಕಷ್ಟು ಪಾಲು ಕೊಡಿ, ನಿಮ್ಮ ಪಾಲು ಕೊನೆಗೆ ಹಾಕಿ ಅಂದೆ. ಹಿರಿಯರ ವಯಸ್ಸು ಮತ್ತು ನಿತ್ರಾಣ, ಎಲ್ಲರಿಗೂ ಒಂದೇ ಶೌಚಾಲಯ, ತಡವಾಗಿ ಬಂದ ಸುದ್ದಿ, ಬೇಗ ಮರಳಿದ ಸಿಬ್ಬಂದಿ, ಖಾಲಿ ಹುದ್ದೆ. ಇಷ್ಟು ಬರೆದ ಮೇಲೆ ಅವರಿಗೆ ಉಳಿದದ್ದು ಒಂದು ಗೆರೆಯಷ್ಟು ಜಾಗ. ಅದನ್ನೇ ಬಹಳ ಹೊತ್ತು ನೋಡಿದರು. ಅಳು ಬಂತು, ನಾನು ತಡೆಯಲಿಲ್ಲ.

ಮೂವರ ಕೆಲಸ ಹೊತ್ತವರಿಗೆ ಬರೀ ಪ್ರಾಣಾಯಾಮ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಕೆಲಸದ ಒತ್ತಡದಿಂದ ಬಸವಳಿದು ಹೋಗುವ ‘ಬರ್ನ್‌ಔಟ್’ ಅನ್ನು ಕಾಯಿಲೆ ಅನ್ನದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೇಳಿತು. ಹಾಗಾದರೆ ಮದ್ದೂ ಸ್ವಲ್ಪ ಆಫೀಸಿನಲ್ಲೇ ಆಗಬೇಕು, ಅಲ್ವಾ?

ಹಾಗಾಗಿ ನಾನು ಕೊಟ್ಟ ಸಲಹೆಯಲ್ಲಿ ಅರ್ಧ ಆಫೀಸಿನದ್ದೇ. ಸೋಂಕು ಹಬ್ಬಿದಾಗ ಮಾಡುವ ಕೆಲಸವನ್ನೆಲ್ಲ ಎರಡು ಭಾಗ ಮಾಡಿ. ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸಬೇಕೇ, ಯಾರನ್ನು ಬೇರೆ ಇಡಬೇಕು ಎಂಬ ತೀರ್ಮಾನ ನಿಮ್ಮದು. ಯಾವ ಕೋಣೆಯಲ್ಲಿ ಯಾರಿಗೆ ಯಾವಾಗ ವಾಂತಿ ಶುರುವಾಯಿತು ಎಂದು ಪಟ್ಟಿ ಬರೆಯುವುದು, ಪರೀಕ್ಷೆಯ ಮಾದರಿ ಸಾಗಿಸುವುದು, ಬ್ಲೀಚು-ಕೈಗವಸು ತಲುಪಿಸುವುದು, ಇವಕ್ಕೆ ಅರ್ಧ ದಿನ ತರಬೇತಿ ಕೊಟ್ಟರೆ ಬೇರೆ ವಿಭಾಗದವರೂ ಸಾಕು. ಅವರ ಹೆಸರು ಕಾಯಿಲೆ ಬರುವ ಮುಂಚೆಯೇ ಆದೇಶದಲ್ಲಿರಲಿ. ಆ ದಿನಗಳಲ್ಲಿ ಯಾವ ಮಾಮೂಲಿ ಕೆಲಸ ನಿಲ್ಲಿಸಬಹುದು ಅನ್ನುವುದನ್ನೂ ಮೇಲಧಿಕಾರಿಯಿಂದ ಬರೆಸಿಕೊಳ್ಳಿ. ಬಾಯಿಮಾತು ಬೇಡ, ಎಡವಟ್ಟಾದಾಗ ಯಾರಿಗೂ ನೆನಪಿರುವುದಿಲ್ಲ.

ಮನೆಯ ಮಟ್ಟಿಗೆ ಹೇಳಿದ್ದು ಕಡಿಮೆ. ರಾತ್ರಿ ಫೋನು ಸರದಿಯ ಮೇಲೆ ಇನ್ನೊಬ್ಬರ ಕೈಗೆ ಹೋಗಲಿ. ನಿದ್ದೆ ಹೀಗೇ ಕೆಟ್ಟರೆ, ಬದುಕೇ ಬೇಡ ಅನಿಸಿದರಂತೂ ತಕ್ಷಣ, ವೈದ್ಯರನ್ನು ಕಾಣಿ.

ಮೇಲಧಿಕಾರಿ ಮೊದಲು “ಬಜೆಟ್ ಇಲ್ಲ” ಅಂದರಂತೆ. ಇವರು ಹೊಸ ಹುದ್ದೆ ಕೇಳಲೇ ಇಲ್ಲ, ಇರುವವರ ಸರದಿ ಕೇಳಿದರು. ಸರದಿ ಪಟ್ಟಿಗೆ ಎರಡು ಹೆಸರು ಸೇರಿದವು. ಎರವಲು ಹೋದವರು ಇನ್ನೂ ವಾಪಸು ಬಂದಿಲ್ಲ. ಅದರ ಬೆನ್ನು ಹತ್ತಿದ್ದಾರೆ.