ಉಡುಪಿಯಲ್ಲಿ ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದೆ. ಅರುವತ್ತು ದಾಟಿದ ಮೇಲೆ ಗಣಿತ, ಭೌತಶಾಸ್ತ್ರ ತಲೆಗೆ ಹತ್ತುತ್ತದೆಯೇ?

ಖಂಡಿತ ಹತ್ತುತ್ತದೆ, ವೇಗ ಮಾತ್ರ ಕಡಿಮೆ. ವಯಸ್ಸಾದಂತೆ ಕುಗ್ಗುವುದು ಚುರುಕು ಮತ್ತು ನಾಲ್ಕೈದು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ. ವರ್ಷಗಟ್ಟಲೆ ಕೂಡಿಟ್ಟ ತಿಳಿವು ಅಷ್ಟು ಬೇಗ ಕರಗುವುದಿಲ್ಲ. ಹೊಸ ವಿಷಯ ಆ ಹಳೆಯ ತಿಳಿವಿಗೆ ಅಂಟಿಕೊಂಡರೆ ನಿಲ್ಲುತ್ತದೆ.

ಉಡುಪಿಯಲ್ಲಿ ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದೆ ಎಂದಿದ್ದೀರಿ. ಹಾಗಾದರೆ ಚಕ್ರಬಡ್ಡಿ ನಿಮಗೆ ಅಂಗೈ ಮೇಲಿನ ನೆಲ್ಲಿಕಾಯಿ. 1 ರೂಪಾಯಿಗೆ ವರ್ಷಕ್ಕೆ ಶೇ. 100 ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಿದರೆ ವರ್ಷದ ಕೊನೆಗೆ 2 ರೂಪಾಯಿ, ತಿಂಗಳಿಗೊಮ್ಮೆ ಸೇರಿಸಿದರೆ ಸುಮಾರು 2.61, ದಿನಕ್ಕೊಮ್ಮೆಯಾದರೆ 2.71. ಕ್ಷಣಕ್ಷಣಕ್ಕೂ ಸೇರಿಸಿದರೂ 2.718ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕಲನಶಾಸ್ತ್ರದ, ಅಂದರೆ ಬದಲಾವಣೆಯನ್ನು ಅಳೆಯುವ ಗಣಿತದ, ಪ್ರಸಿದ್ಧ ಸಂಖ್ಯೆ ‘ಇ’ ಇದೇ. ಹುಡುಗರಿಗೆ ಇದು ಬರೀ ಸೂತ್ರ, ನಿಮಗೆ ಲೆಡ್ಜರಿನ ನೆನಪು.

ವಸ್ತುಗಳ ಭೌತಶಾಸ್ತ್ರಕ್ಕೆ ಮನೆಯ ಮಾಡಿನ ಮಂಗಳೂರು ಹಂಚೇ ಸಾಕು. ಹಸಿ ಜೇಡಿ ನೀರಿನಲ್ಲಿ ಕದಡಿಹೋಗುತ್ತದೆ, ಸುಟ್ಟ ಹಂಚು ಆಟಿಯ ಮಳೆಗೂ ಜಗ್ಗುವುದಿಲ್ಲ. ಗೂಡಿನ ಬಿಸಿಗೆ ಜೇಡಿಯ ಹರಳುಗಳಲ್ಲಿ ಬಂಧಿಯಾಗಿದ್ದ ನೀರಿನಂಶ ಹೊರಟುಹೋಗಿ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದೇ ಕಾರಣ.

ಸಂಶೋಧನೆಗೂ ವಯಸ್ಸು ಅಡ್ಡಿಯಲ್ಲ. ಫ್ರಾನ್ಸಿನ ರೋಜರ್ ಅಪೇರಿ 1978ರಲ್ಲಿ ತಮ್ಮ ಅತಿ ಪ್ರಸಿದ್ಧ ಪ್ರಮೇಯವನ್ನು ಮಂಡಿಸಿದಾಗ ಅವರಿಗೆ 61. ಅವರು ಮೊದಲಿನಿಂದಲೂ ಗಣಿತಜ್ಞರೇ, ನಿಜ. ನೀವು ಬುನಾದಿಯಿಂದ ಶುರುಮಾಡಬೇಕು. ದಿನಕ್ಕೆ ಅರ್ಧ ಗಂಟೆ ಸಾಕು. ಓದಿದ್ದನ್ನು ಮರುದಿನ ಪುಸ್ತಕ ಮುಚ್ಚಿ, ನೆನಪಿನಿಂದಲೇ ಬರೆಯಿರಿ. ಮತ್ತೆ ಮತ್ತೆ ಓದುವುದಕ್ಕಿಂತ ಇದು ಹೆಚ್ಚು ಕಾಲ ಉಳಿಯುತ್ತದೆ.