ರ‍್ಯಾಮ್ ಉಳಿದಿದ್ದರೂ ಗೇಮ್‌ಗೆ ಮೆಮೊರಿ ಸಾಲದೇಕೆ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್, ವಿಂಡೋಸ್ 11 ಇದೆ. ಹೊಸ ಗೇಮ್ ಒಂದು ಅರ್ಧ ಗಂಟೆ ಚೆನ್ನಾಗಿಯೇ ಓಡಿ, ‘ಔಟ್ ಆಫ್ ಮೆಮೊರಿ’ ಎಂದು ತೋರಿಸಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ನೋಡಿದರೆ ರ‍್ಯಾಮ್ ಬಳಕೆ ಶೇ 75 ದಾಟಿರುವುದೇ ಇಲ್ಲ. ಎಸ್‌ಎಸ್‌ಡಿ ಸವೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ಪೇಜಿಂಗ್ ಫೈಲ್ ತೆಗೆದುಹಾಕಿದ್ದೇನೆ. ಇನ್ನೂ 16 ಜಿಬಿ ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಪೇಜಿಂಗ್ ಫೈಲ್ ಎಂದರೆ ರ‍್ಯಾಮ್‌ಗೆ ನೆರವಾಗಿ ವಿಂಡೋಸ್ ಡ್ರೈವ್‌ನಲ್ಲಿ ಇಟ್ಟುಕೊಳ್ಳುವ ಫೈಲ್. ಅದನ್ನು ತೆಗೆದಿರುವುದೇ ಬಹುಮಟ್ಟಿಗೆ ನಿಮ್ಮ ತೊಂದರೆಯ ಮೂಲ.

ಗೇಮ್ ಮೆಮೊರಿ ಕೇಳಿದಾಗ ವಿಂಡೋಸ್ ತಕ್ಷಣ ರ‍್ಯಾಮ್ ಕೊಟ್ಟುಬಿಡುವುದಿಲ್ಲ. ‘ಬೇಕಾದಾಗ ಕೊಡುತ್ತೇನೆ’ ಎಂದು ಮಾತು ಕೊಡುತ್ತದೆ. ಇದಕ್ಕೆ ಕಮಿಟ್ ಎನ್ನುತ್ತಾರೆ. ಸೀಟಿಗೆ ಟವೆಲ್ ಹಾಕಿದ ಹಾಗೆ: ಯಾರೂ ಕೂತಿಲ್ಲ, ಆದರೆ ಸೀಟು ಖಾಲಿಯೂ ಅಲ್ಲ. ಹೀಗೆ ಕೊಟ್ಟ ಮಾತುಗಳ ಒಟ್ಟು ಮೊತ್ತ, ರ‍್ಯಾಮ್ ಮತ್ತು ಪೇಜಿಂಗ್ ಫೈಲ್ ಎರಡನ್ನೂ ಕೂಡಿಸಿದಷ್ಟನ್ನು ಮೀರಲು ವಿಂಡೋಸ್ ಬಿಡುವುದಿಲ್ಲ. ನೀವು ಪೇಜಿಂಗ್ ಫೈಲ್ ತೆಗೆದಿರುವುದರಿಂದ ಮಿತಿ 16 ಜಿಬಿಯೊಳಗೇ ನಿಂತಿದೆ. ಇಂದಿನ ಗೇಮ್‌ಗಳು ತಾವು ಬಳಸುವುದಕ್ಕಿಂತ ಎಷ್ಟೋ ಹೆಚ್ಚು ಕಾದಿರಿಸಿಕೊಳ್ಳುತ್ತವೆ. ಬ್ರೌಸರ್, ಲಾಂಚರ್, ಚಾಟ್ ಆ್ಯಪ್‌ಗಳೂ ಅಷ್ಟೇ. ಮಿತಿ ಮುಟ್ಟಿದ ಮೇಲೆ ಗೇಮ್ ಕೇಳುವ ಮುಂದಿನ ತುಣುಕಿಗೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಗೇಮ್ ಬೀಳುತ್ತದೆ. ರ‍್ಯಾಮ್‌ನಲ್ಲಿ ಆಗ 4 ಜಿಬಿ ಬಳಕೆಯಾಗದೆ ಉಳಿದಿದ್ದರೂ ಪ್ರಯೋಜನವಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅಲ್ಲಿಂದ ಮೆಮೊರಿಗೆ ಹೋಗಿ. ದೊಡ್ಡ ಗ್ರಾಫನ್ನೂ ಶೇಕಡಾವಾರು ಅಂಕಿಯನ್ನೂ ಬಿಟ್ಟು, ಕೆಳಗಿನ ‘ಕಮಿಟೆಡ್’ ಎಂಬಲ್ಲಿ ಕಣ್ಣಿಡಿ. ಅಲ್ಲಿ 15.3/15.8 ಜಿಬಿ ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಈವರೆಗೆ ಕೊಟ್ಟ ಮಾತು, ಎರಡನೆಯದು ಮಿತಿ. ಆಡುವಾಗ ಇವೆರಡೂ ಹತ್ತಿರ ಬರುತ್ತಿದ್ದರೆ ರೋಗ ಗೊತ್ತಾದಂತೆ.

ಕ್ರ್ಯಾಶ್ ಆಗಿಹೋದ ಮೇಲೂ ಸಾಕ್ಷಿ ಸಿಗುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್ ಆರಿಸಿ, ‘ಫಿಲ್ಟರ್ ಕರೆಂಟ್ ಲಾಗ್’ನಲ್ಲಿ ಇವೆಂಟ್ ಐಡಿ 2004 ಎಂದು ಕೊಡಿ. ‘ರಿಸೋರ್ಸ್ ಎಕ್ಸಾಶ್ಚನ್ ಡಿಟೆಕ್ಟರ್’ ಹೆಸರಿನ ನಮೂದು ಸಿಕ್ಕರೆ, ಆ ಕ್ಷಣ ಅತಿ ಹೆಚ್ಚು ಮೆಮೊರಿ ಹಿಡಿದಿದ್ದ ಮೂರು ಪ್ರೋಗ್ರಾಂಗಳ ಹೆಸರು ಅದರಲ್ಲಿರುತ್ತದೆ, ಅಂಕಿಗಳು ಬೈಟ್‌ನಲ್ಲಿ. 13958643712 ಎಂಬ ಸಂಖ್ಯೆ ಕಂಡು ಗಾಬರಿಯಾಗಬೇಡಿ. 1073741824ರಿಂದ ಭಾಗಿಸಿದರೆ ಅದು 13 ಜಿಬಿ. ಎಷ್ಟೋ ಸಲ ಎರಡನೆಯ ಸ್ಥಾನದಲ್ಲಿ ಬ್ರೌಸರ್ ಇರುತ್ತದೆ.

ಇನ್ನು ದುರಸ್ತಿ. ಸ್ಟಾರ್ಟ್ ಮೆನುವಿನಲ್ಲಿ ‘ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ ತೆರೆಯಿರಿ. ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಟ್ಯಾಬ್, ವರ್ಚುವಲ್ ಮೆಮೊರಿ, ಚೇಂಜ್. ಮೇಲಿನ ‘ಆಟೊಮ್ಯಾಟಿಕಲಿ ಮ್ಯಾನೇಜ್’ ಟಿಕ್ ತೆಗೆದು, ಎಸ್‌ಎಸ್‌ಡಿಯಲ್ಲಿರುವ ಡ್ರೈವ್ ಆರಿಸಿ, ಕಸ್ಟಮ್ ಸೈಜ್‌ನಲ್ಲಿ ಇನಿಷಿಯಲ್ 16384, ಮ್ಯಾಕ್ಸಿಮಮ್ 32768 ಕೊಡಿ. ಇವು ಎಂಬಿ ಲೆಕ್ಕ. ನಂತರ ‘ಸೆಟ್’ ಬಟನ್ ಒತ್ತಿ, ಆಮೇಲೆ ಓಕೆ. ಸೆಟ್ ಒತ್ತದೆ ನೇರ ಓಕೆ ಕೊಟ್ಟರೆ ಏನೂ ಬದಲಾಗುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ‘ಎಲ್ಲ ಮಾಡಿದೆ, ಆದರೂ ಹಾಗೇ ಇದೆ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಕಮಿಟೆಡ್‌ನ ಎರಡನೆಯ ಅಂಕಿ ಮೇಲೇರಿತೇ ಎಂದು ಖಚಿತಪಡಿಸಿಕೊಳ್ಳಿ. ಏರಿರದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ.

ಗಾತ್ರವನ್ನು ವಿಂಡೋಸ್‌ಗೇ ಬಿಟ್ಟುಬಿಡುವುದೂ ತಪ್ಪಲ್ಲ, ಡ್ರೈವ್‌ನಲ್ಲಿ ಜಾಗ ಧಾರಾಳವಾಗಿದ್ದರೆ. ಅದು ರ‍್ಯಾಮ್‌ನ ಮೂರರಷ್ಟರವರೆಗೆ ಬೆಳೆಸಬಲ್ಲದು, ಆದರೆ ಡ್ರೈವ್‌ನ ಎಂಟನೇ ಒಂದು ಭಾಗವನ್ನು ಮೀರುವುದಿಲ್ಲ. 128 ಜಿಬಿಯ ಸಣ್ಣ ಡ್ರೈವ್ ಆದರೆ 16 ಜಿಬಿಗೇ ಮುಗಿಯಿತು. ಡ್ರೈವ್ ತುಂಬಿದ್ದರೆ ಅಷ್ಟೂ ಇಲ್ಲ.

ಎಸ್‌ಎಸ್‌ಡಿ ಸವೆತದ ಭಯ ಬಿಡಿ. ಕಮಿಟ್ ಬರೀ ಮಾತಾದ್ದರಿಂದ, ರ‍್ಯಾಮ್‌ನಲ್ಲಿ ನಿಜವಾಗಿಯೂ ಜಾಗ ಸಾಲದಾಗುವವರೆಗೆ ಪೇಜಿಂಗ್ ಫೈಲ್‌ಗೆ ಬರೆಯುವುದು ತೀರಾ ಕಡಿಮೆ. ಹೀಗೆ ಮಾಡಿದ ಮೇಲೆ ಕ್ರ್ಯಾಶ್ ನಿಂತು ಆಟ ಮಾತ್ರ ಆಗಾಗ ತಡವರಿಸಿ ನಿಲ್ಲುತ್ತಿದ್ದರೆ, ಆಗ ಹೊಸ ರ‍್ಯಾಮ್‌ನ ಯೋಚನೆ ಮಾಡಿ.

ಪ್ರಶ್ನೆ: ಆಡುತ್ತಾ ಹೋದಂತೆ ಮೆಮೊರಿ ಬಳಕೆ ಏರುತ್ತಲೇ ಇರುತ್ತದೆ, ಮೂರ್ನಾಲ್ಕು ಗಂಟೆಗೆ ಕ್ರ್ಯಾಶ್. ಇದು ಗೇಮ್‌ನ ತಪ್ಪೇ, ನನ್ನ ಕಂಪ್ಯೂಟರ್‌ನದೇ?

ಉತ್ತರ: ಏರಿದ್ದೆಲ್ಲ ಸೋರಿಕೆಯಲ್ಲ (ತೆಗೆದುಕೊಂಡ ಮೆಮೊರಿಯನ್ನು ಪ್ರೋಗ್ರಾಂ ವಾಪಸು ಕೊಡದಿರುವುದೇ ಸೋರಿಕೆ). ಹೊಸ ಜಾಗಗಳಿಗೆ ಹೋದಂತೆ ಗೇಮ್ ಒಂದಷ್ಟು ವಿವರಗಳನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ, ಒಂದು ಮಟ್ಟ ತಲುಪಿ ನಿಲ್ಲುತ್ತದೆ. ನಿಲ್ಲದೇ ಹೋದರೆ ಮಾತ್ರ ಸೋರಿಕೆ ಎನ್ನಬೇಕು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೆಲೆಕ್ಟ್ ಕಾಲಮ್ಸ್’ನಿಂದ ‘ಕಮಿಟ್ ಸೈಜ್’ ಸೇರಿಸಿ. ಹದಿನೈದು ನಿಮಿಷಕ್ಕೊಮ್ಮೆ ಗೇಮ್‌ನ ಸಾಲಿನ ಅಂಕಿ ಬರೆದಿಟ್ಟುಕೊಳ್ಳಿ. ಒಂದೇ ಜಾಗದಲ್ಲಿ ಸುಮ್ಮನೆ ನಿಂತಿದ್ದಾಗಲೂ ಏರುತ್ತಿದ್ದರೆ ತಪ್ಪು ಗೇಮ್‌ನದ್ದು, ಇಲ್ಲವೇ ನೀವು ಹಾಕಿದ ಮಾಡ್‌ಗಳದ್ದು (ಗೇಮ್ ಬದಲಿಸಲು ಬೇರೆಯವರು ಮಾಡಿದ ಸೇರ್ಪಡೆಗಳು). ಮಾಡ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಕೂರಬೇಡಿ. ಅರ್ಧಕ್ಕರ್ಧ ತೆಗೆದು ನೋಡಿ, ತಪ್ಪು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ.

ಗೇಮ್‌ನ ಅಂಕಿ ನಿಂತಲ್ಲೇ ಇದ್ದು ಒಟ್ಟು ಕಮಿಟೆಡ್ ಏರುತ್ತಿದ್ದರೆ? ಮೆಮೊರಿ ಪುಟದ ‘ನಾನ್-ಪೇಜ್ಡ್ ಪೂಲ್’ ನೋಡಿ. ವಿಂಡೋಸ್ ಮತ್ತು ಡ್ರೈವರ್‌ಗಳು ಸದಾ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುವ ಮೆಮೊರಿ ಇದು. ಮನೆಯ ಕಂಪ್ಯೂಟರ್‌ನಲ್ಲಿ ಅದು ಕೆಲವು ನೂರು ಎಂಬಿ ಇರುವುದು ಸಹಜ. ನಾಲ್ಕೈದು ಜಿಬಿ ಆಗಿದ್ದರೆ ಯಾವುದೋ ಡ್ರೈವರ್ ಮೆಮೊರಿ ತೆಗೆದುಕೊಂಡು ವಾಪಸು ಕೊಡುತ್ತಿಲ್ಲ. ನೆಟ್‌ವರ್ಕ್ ಡ್ರೈವರ್ ಅಪ್‌ಡೇಟ್ ಮಾಡಿ. ಮದರ್‌ಬೋರ್ಡ್ ಜೊತೆ ಬಂದ ನೆಟ್‌ವರ್ಕ್ ‘ವೇಗವರ್ಧಕ’, ಬಣ್ಣದ ದೀಪ ನಿಯಂತ್ರಿಸುವ ತಂತ್ರಾಂಶಗಳಿದ್ದರೆ ತೆಗೆದು ನೋಡಿ. ಇಂಥವುಗಳಿಂದ ಆಟಕ್ಕೆ ಆಗುವ ಲಾಭ ಅಷ್ಟಕ್ಕಷ್ಟೇ.

ಪ್ರಶ್ನೆ: 12 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಅನ್‌ರಿಯಲ್ ಎಂಜಿನ್‌ನ ಗೇಮ್‌ಗಳು ‘ಔಟ್ ಆಫ್ ವಿಡಿಯೊ ಮೆಮೊರಿ’ ಎಂದು ಬೀಳುತ್ತವೆ. ಅದೂ ಮೆನು ಬರುವ ಮೊದಲೇ, ಶೇಡರ್ (ದೃಶ್ಯಕ್ಕೆ ಬಣ್ಣ, ಬೆಳಕು ತುಂಬುವ ಸಣ್ಣ ಪ್ರೋಗ್ರಾಂ) ಸಿದ್ಧವಾಗುವಾಗ.

ಉತ್ತರ: ಈ ಸಂದೇಶವನ್ನು ಪೂರ್ತಿ ನಂಬಬೇಡಿ. ಆಟದ ನಡುವೆ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಅಲ್ಟ್ರಾದಲ್ಲಿಟ್ಟು, ರೇ ಟ್ರೇಸಿಂಗ್ ಹಾಕಿದಾಗ ಬಂದಿದ್ದರೆ ವಿಡಿಯೊ ಮೆಮೊರಿ ನಿಜವಾಗಿಯೂ ಮುಗಿದಿರಬಹುದು. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ‘ಡೆಡಿಕೇಟೆಡ್ ಜಿಪಿಯು ಮೆಮೊರಿ’ ತುಂಬಿರುವುದು ಕಾಣುತ್ತದೆ. ಟೆಕ್ಸ್ಚರ್ ಒಂದು ಮಟ್ಟ ಇಳಿಸಿದರೆ ಸಾಕಾದೀತು. ಆದರೆ ಮೆನುವೇ ಬರದ ಹೊತ್ತಿನಲ್ಲಿ 12 ಜಿಬಿ ಖರ್ಚಾಗುವುದು ಅಪರೂಪ.

ನಿಮ್ಮ ಪ್ರೊಸೆಸರ್ ಯಾವುದೆಂದು ನೀವು ಬರೆದಿಲ್ಲ. ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್, ಅದರಲ್ಲೂ ಐ9 ಅಥವಾ ಐ7 ಆಗಿದ್ದರೆ ಅನುಮಾನ ಅದರ ಮೇಲೆಯೇ. ಶೇಡರ್‌ಗಳನ್ನು ಬಿಚ್ಚುವ ಭಾರೀ ಲೆಕ್ಕದಲ್ಲಿ ಅಸ್ಥಿರ ಪ್ರೊಸೆಸರ್ ತಪ್ಪು ಉತ್ತರ ಕೊಡುತ್ತದೆ, ಗೇಮ್ ಆ ತಪ್ಪನ್ನು ವಿಡಿಯೊ ಮೆಮೊರಿ ಕೊರತೆ ಎಂದು ವರದಿ ಮಾಡುತ್ತದೆ. ಅತಿಯಾದ ವೋಲ್ಟೇಜ್‌ನಿಂದ ಈ ಚಿಪ್‌ಗಳು ಸವೆಯುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟಿತು. ಮದರ್‌ಬೋರ್ಡ್ ತಯಾರಕರ ತಾಣದಿಂದ ಇತ್ತೀಚಿನ ಬಯಾಸ್ (ಕಂಪ್ಯೂಟರ್ ಆರಂಭಿಸುವ ಮೂಲ ತಂತ್ರಾಂಶ, ಈ ತಿದ್ದುಪಡಿ ಅದರೊಳಗೇ ಬರುತ್ತದೆ) ಹಾಕಿ, ಪವರ್ ಸೆಟ್ಟಿಂಗ್ ಅನ್ನು ‘ಇಂಟೆಲ್ ಡೀಫಾಲ್ಟ್’ಗೆ ತನ್ನಿ. ಬಯಾಸ್ ಮುಂದಿನ ಸವೆತ ತಡೆಯುತ್ತದೆಯೇ ಹೊರತು ಆಗಲೇ ಸವೆದ ಚಿಪ್ಪನ್ನು ಸರಿಮಾಡುವುದಿಲ್ಲ. ಅಪ್‌ಡೇಟ್ ಆದ ಮೇಲೂ ಅದೇ ಸಂದೇಶ ಬಂದರೆ ಪ್ರೊಸೆಸರ್ ಬದಲಿಸಿಕೊಡಲು ಕೇಳಿ. ಬಾಧಿತ ಮಾದರಿಗಳಿಗೆ ವಾರಂಟಿ ಎರಡು ವರ್ಷ ಹೆಚ್ಚಿದೆ.

ಬೇರೆ ಪ್ರೊಸೆಸರ್ ಆಗಿದ್ದರೆ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿನ ವೇಗ) ತೆಗೆಯಿರಿ, ಬಯಾಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಅದರ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ ಒಮ್ಮೆ ನೋಡಿ.

ಪ್ರಶ್ನೆ: 32 ಜಿಬಿ ರ‍್ಯಾಮ್ ಇದೆ. ಹಳೆಯ ಗೇಮ್ ಒಂದಕ್ಕೆ 4ಕೆ ಟೆಕ್ಸ್ಚರ್ ಮಾಡ್ ಹಾಕಿದ ಮೇಲೆ ಪದೇ ಪದೇ ಕ್ರ್ಯಾಶ್.

ಉತ್ತರ: ಹಳೆಯ ಗೇಮ್ ಎಂದರೆ ಅದು 32 ಬಿಟ್‌ನದ್ದೇ ಇರಬೇಕು, ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಪ್ಲಾಟ್‌ಫಾರ್ಮ್’ ಕಾಲಂ ಸೇರಿಸಿದರೆ ತಿಳಿಯುತ್ತದೆ. 32 ಬಿಟ್ ಪ್ರೋಗ್ರಾಂಗೆ ವಿಂಡೋಸ್ ಕೊಡುವ ವಿಳಾಸ ವ್ಯಾಪ್ತಿ ಸಾಮಾನ್ಯವಾಗಿ 2 ಜಿಬಿ. ನಿಮ್ಮಲ್ಲಿ 32 ಇರಲಿ, 128 ಇರಲಿ, ಅದಕ್ಕೆ ಕಾಣುವುದು ಅಷ್ಟೇ. ಆ ವ್ಯಾಪ್ತಿಯೂ ಚೂರು ಚೂರಾಗಿ ಒಡೆದಿರುವುದರಿಂದ ದೊಡ್ಡ ತುಣುಕು ಸಿಗದೆ 2 ಜಿಬಿ ಮುಟ್ಟುವ ಮೊದಲೇ ಬೀಳುವುದುಂಟು.

ಗೇಮ್‌ನ ಇಎಕ್ಸ್‌ಇ ಫೈಲ್‌ನಲ್ಲಿ ‘ಲಾರ್ಜ್ ಅಡ್ರೆಸ್ ಅವೇರ್’ ಎಂಬ ಗುರುತು ಹಾಕಿದರೆ 64 ಬಿಟ್ ವಿಂಡೋಸ್ ಅದಕ್ಕೆ 4 ಜಿಬಿ ಕೊಡುತ್ತದೆ. ‘4 ಜಿಬಿ ಪ್ಯಾಚ್’ ಎಂಬ ಪುಟ್ಟ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ. ಮೊದಲು ಮೂಲ ಫೈಲ್‌ನ ನಕಲು ಇಟ್ಟುಕೊಳ್ಳಿ. ಆ್ಯಂಟಿ-ಚೀಟ್ (ಮೋಸದಾಟ ಪತ್ತೆ ಮಾಡುವ ತಂತ್ರಾಂಶ) ಇರುವ ಆನ್‌ಲೈನ್ ಗೇಮ್‌ಗಳ ಫೈಲ್ ಮುಟ್ಟಲೇಬೇಡಿ, ಖಾತೆಗೆ ನಿಷೇಧ ಬಿದ್ದೀತು.

ಟೆಕ್ಸ್ಚರ್ ಲೆಕ್ಕವನ್ನೂ ನೋಡಿ. 4096×4096ರ ಚಿತ್ರ ಒತ್ತಿ ಚಿಕ್ಕದು ಮಾಡದಿದ್ದರೆ 64 ಎಂಬಿ, ಬಿಸಿ7 ವಿಧಾನದಲ್ಲಿ ಒತ್ತಿದರೂ 16 ಎಂಬಿ. 2ಕೆ ಆದರೆ ಒತ್ತಿದ್ದು ಬರೀ 4 ಎಂಬಿ. ಮುಖ್ಯ ಪಾತ್ರಕ್ಕೆ 4ಕೆ ಇರಲಿ. ಕಲ್ಲು, ಬೇಲಿ, ಪೀಪಾಯಿಗಳಿಗೆ 1ಕೆ ಧಾರಾಳ.

ಪ್ರಶ್ನೆ: ಮೈನ್‌ಕ್ರಾಫ್ಟ್‌ಗೆ 16ರಲ್ಲಿ 14 ಜಿಬಿ ಕೊಟ್ಟ ಮೇಲೆ ಮೊದಲಿಗಿಂತ ಹೆಚ್ಚು ಕ್ರ್ಯಾಶ್ ಆಗುತ್ತಿದೆ.

ಉತ್ತರ: ನಿಮ್ಮ ಮೈನ್‌ಕ್ರಾಫ್ಟ್ ಓಡುವುದು ಜಾವಾ ಎಂಬ ತಂತ್ರಾಂಶದ ಮೇಲೆ. ಜಾವಾಗೆ ನೀವು ಕೊಡುವ ಹೀಪ್ (ಗೇಮ್‌ಗೆಂದು ಮೀಸಲಿಟ್ಟ ಮೆಮೊರಿ) ಅಲ್ಲದೆ ಹೊರಗಡೆಯೂ ಒಂದಷ್ಟು ಮೆಮೊರಿ ಬೇಕು. ಅದರ ಜೊತೆಗೆ ವಿಂಡೋಸ್ ಬೇರೆ. 14 ಹೀಪ್‌ಗೇ ಹೋದರೆ ಇವಕ್ಕೆ ಏನುಳಿಯಿತು? ಸಂದೇಶ ಓದಿ: ‘ಜಾವಾ ಹೀಪ್ ಸ್ಪೇಸ್’ ಎಂದಿದ್ದರೆ ಕೊಟ್ಟದ್ದು ಕಡಿಮೆ, ‘ಇನ್‌ಸಫಿಶಿಯೆಂಟ್ ಮೆಮೊರಿ ಫಾರ್ ದ ಜಾವಾ ರನ್‌ಟೈಮ್’ ಎಂದಿದ್ದರೆ ಕೊಟ್ಟದ್ದು ಹೆಚ್ಚು. ಲಾಂಚರ್‌ನ ಇನ್‌ಸ್ಟಾಲೇಶನ್ಸ್‌ನಲ್ಲಿ ಎಡಿಟ್, ಮೋರ್ ಆಪ್ಶನ್ಸ್ ತೆರೆದರೆ ‘ಜೆವಿಎಂ ಆರ್ಗ್ಯುಮೆಂಟ್ಸ್’ ಇದೆ. ಅದರಲ್ಲಿ ಎಕ್ಸ್‌ಎಂಎಕ್ಸ್ (-Xmx) ಅಕ್ಷರಗಳ ಪಕ್ಕದ ಅಂಕಿ ಬದಲಿಸಿ. ಮಾಡ್ ಇಲ್ಲದ ಆಟಕ್ಕೆ 4 ಜಿಬಿ, ದೊಡ್ಡ ಮಾಡ್‌ಪ್ಯಾಕ್‌ಗೆ 6ರಿಂದ 8 ಜಿಬಿ ಸಾಕು.

ಪ್ರಶ್ನೆ: ‘ರ‍್ಯಾಮ್ ಕ್ಲೀನರ್’ ಹಾಕಿಕೊಂಡರೆ ಉಪಯೋಗವಿದೆಯೇ?

ಉತ್ತರ: ಇಲ್ಲ. ಅವು ಬೇರೆ ಪ್ರೋಗ್ರಾಂಗಳ ಮೆಮೊರಿಯನ್ನು ಬಲವಂತವಾಗಿ ರ‍್ಯಾಮ್‌ನಿಂದ ಹೊರದಬ್ಬಿ ‘ಖಾಲಿ’ ಅಂಕಿಯನ್ನು ದೊಡ್ಡದಾಗಿ ತೋರಿಸುತ್ತವೆ. ಕಮಿಟೆಡ್ ಅಂಕಿ ಇದ್ದಲ್ಲೇ ಇರುತ್ತದೆ. ಹೊರಗೆ ಹೋದದ್ದು ಮತ್ತೆ ಬೇಕಾದಾಗ ಒಳಗೆ ಬರಬೇಕಾದ್ದರಿಂದ ಆಟ ಇನ್ನಷ್ಟು ತಡವರಿಸುತ್ತದೆ. ಬ್ರೌಸರ್ ಪೂರ್ತಿ ಮುಚ್ಚಿದರೆ ಮಾತ್ರ ಕಮಿಟ್ ನಿಜಕ್ಕೂ ಇಳಿಯುತ್ತದೆ. ಕಿಟಕಿ ಮುಚ್ಚಿದ ಮೇಲೂ ಅದು ಹಿನ್ನೆಲೆಯಲ್ಲಿ ಓಡುತ್ತಿರಬಹುದು, ಅದರ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಆಫ್ ಮಾಡಿ.