ಹೊಸ ಮೀನುತೊಟ್ಟಿಯ ನೀರು ಬೆಳ್ಳಗಾಗಿ ಮೀನು ಸಾಯುತ್ತಿವೆ, ಏನು ಮಾಡಲಿ? ಒಳಗಿನ ಅಲಂಕಾರದಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ತೆಗೆಯಲಿ?

ನೀವು ಕೊಟ್ಟ ವಿವರ ಇಷ್ಟು: 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಟ್ಯಾಂಕ್. ಬೆಂಗಳೂರಿನ ಬೋರ್‌ವೆಲ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 650. ನೀಲಿ ಬಣ್ಣದ ಜಲ್ಲಿ, ಕಪ್ಪೆಚಿಪ್ಪು, ಪ್ಲಾಸ್ಟಿಕ್ ಗಿಡ. ಮೊದಲ ದಿನವೇ 4 ನಿಯಾನ್ ಟೆಟ್ರಾ, 4 ಗಪ್ಪಿ, 2 ಗೋಲ್ಡ್‌ಫಿಶ್ ಬಿಟ್ಟಿದ್ದೀರಿ. ಐದನೇ ದಿನಕ್ಕೆ ನೀರು ಹಾಲಿನಂತಾಗಿದೆ, ಟೆಟ್ರಾ ನಾಲ್ಕೂ ಸತ್ತಿವೆ. ನೀರೆಲ್ಲ ಚೆಲ್ಲಿ, ಜಲ್ಲಿ ಫಿಲ್ಟರ್ ಎಲ್ಲ ತೊಳೆದು ಮತ್ತೆ ತುಂಬಿಸಿ ಎಂದು ಅಂಗಡಿಯಲ್ಲಿ ಹೇಳಿದ್ದಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಮೀನು ಕಿವಿರಿನಿಂದ ಸದಾ ಅಮೋನಿಯ ಬಿಡುತ್ತಿರುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯವೇ. ಹಳಗಿದ ಟ್ಯಾಂಕಿನ ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಿದ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ; ನೈಟ್ರೇಟನ್ನು ವಾರಕ್ಕೊಮ್ಮೆ ನೀರು ಬದಲಿಸಿ ಹೊರಹಾಕಬಹುದು. ಈ ಬ್ಯಾಕ್ಟೀರಿಯ ನೆಲೆಯೂರಲು 4ರಿಂದ 6 ವಾರ ಬೇಕು. ನಿಮ್ಮ ಸ್ಪಂಜಿನಲ್ಲಿ ಅವು ಈಗಷ್ಟೇ ಕಣ್ಣುಬಿಡುತ್ತಿವೆ. ತೊಳೆದರೆ ಮತ್ತೆ ಮೊದಲ ದಿನಕ್ಕೇ ಹೋಗುತ್ತೀರಿ. ನೀರನ್ನು ಬೆಳ್ಳಗೆ ಮಾಡಿರುವುದು ಬೇರೆ ಬಗೆಯ ಬ್ಯಾಕ್ಟೀರಿಯ: ಹೆಚ್ಚಾದ ಆಹಾರದ ಕೊಳೆ ತಿಂದು ಹಬ್ಬಿವೆ. ಅವೇ ವಿಷವಲ್ಲ, ಆದರೆ ನೀರಿನ ಆಮ್ಲಜನಕ ಹೀರುತ್ತವೆ. ಏರ್ ಪಂಪ್ ಜೋರಾಗಿ ಓಡಲಿ, ಆಹಾರ ಕಡಿಮೆ ಮಾಡಿ. ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ.

ಈಗ ಉಳಿದವುಗಳಿಗೆ. ಗೋಲ್ಡ್‌ಫಿಶ್ ಎರಡನ್ನೂ ಇಂದೇ ಅಂಗಡಿಗೆ ಹಿಂದಿರುಗಿಸಿ. ಅವು ತಂಪು ನೀರಿನವು, ಗಲೀಜು ಹೆಚ್ಚು, ನಿಮ್ಮ ಟ್ಯಾಂಕಿಗೆ ಮೀರಿ ಬೆಳೆಯುತ್ತವೆ. ಜಲ್ಲಿ ಮತ್ತು ಮೇಲಿನ ಖಾಲಿ ಜಾಗ ಕಳೆದರೆ ನಿಮ್ಮಲ್ಲಿರುವುದು ಸುಮಾರು 55 ಲೀಟರ್ ನೀರು. ದಿನಾ 15 ಲೀಟರ್ ತೆಗೆದು, ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿಟ್ಟು ಏರ್ ಸ್ಟೋನ್ ಹಾಕಿದ ನೀರು ತುಂಬಿಸಿ. ಬೋರ್‌ವೆಲ್ ನೀರಿಗೆ ಆಂಟಿಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರಾವಣ) ಬೇಕಿಲ್ಲ. ಆದರೆ ಅಪಾರ್ಟ್‌ಮೆಂಟಿನ ಸಂಪಿಗೆ ಕ್ಲೋರಿನ್ ಹಾಕುತ್ತಿದ್ದರೆ, ಅಥವಾ ಕಾವೇರಿ ನೀರು ಬೆರೆಯುತ್ತಿದ್ದರೆ, ಬಾಟಲಿ ಮೇಲಿನ ಅಳತೆಯಷ್ಟು ಹಾಕಲೇಬೇಕು. ಆಹಾರ ದಿನಬಿಟ್ಟು ದಿನ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ.

ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಒಂದನ್ನು ಕೊಳ್ಳಿ. ಬಣ್ಣದ ದೀಪಕ್ಕಿಂತ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ. ಅಮೋನಿಯ ಅಥವಾ ನೈಟ್ರೈಟ್ 0.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಿದ ದಿನ ಅರ್ಧ ನೀರು ಬದಲಿಸಿ. ನೈಟ್ರೈಟ್ ಕಾಣಿಸಿಕೊಂಡರೆ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 55 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಸ್ವಲ್ಪಸ್ವಲ್ಪವಾಗಿ ಸೇರಿಸಿ: ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ನುಗ್ಗುವುದನ್ನು ತಡೆಯುತ್ತದೆ. ಆಮೇಲೆ ನೀರು ಬದಲಿಸುವಾಗ ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು ಹಾಕಿ. ರೋಗವಿಲ್ಲದ ಹಳೆಯ ಟ್ಯಾಂಕ್ ಇರುವ ಪರಿಚಯದವರಿದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ದಾರಿಯಲ್ಲಿ ಅದು ಒಣಗಬಾರದು. ಆರು ವಾರದ ಕೆಲಸ ಒಂದೆರಡು ವಾರಕ್ಕೆ ಇಳಿಯುತ್ತದೆ.

ಬೋರ್‌ವೆಲ್ ನೀರಿನ ಬಗ್ಗೆ ಒಂದು ಮಾತು. ನಲ್ಲಿಯಿಂದ ಬಂದ ಕೂಡಲೇ ಅಳೆದರೆ ಪಿಎಚ್ ಕಡಿಮೆ ತೋರಿಸಬಹುದು, ಏಕೆಂದರೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಒಂದು ದಿನ ಗಾಳಿ ಆಡಿಸಿ ಅಳೆಯಿರಿ, ಆಗ ನಿಜ ಗೊತ್ತಾಗುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯ ಹತ್ತಿರ ಹತ್ತಿರ ಹತ್ತು ಪಟ್ಟು ವಿಷವಾಗುತ್ತದೆ. ಅಮೆಜಾನಿನ ಮೆದು, ಹುಳಿ ನೀರಿನ ನಿಯಾನ್ ಟೆಟ್ರಾ ಮೊದಲು ಸತ್ತದ್ದಕ್ಕೆ ಇದೂ ಒಂದು ಕಾರಣವಿರಬಹುದು. ‘ಪಿಎಚ್ ಡೌನ್’ ಬಾಟಲಿ ತರಬೇಡಿ: ಗಡಸು ನೀರಿನ ಕಾರ್ಬೊನೇಟ್ ಮರುದಿನವೇ ಪಿಎಚ್ಅನ್ನು ಮೇಲೆತ್ತುತ್ತದೆ, ಆ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಮನೆಯ ವಾಟರ್ ಸಾಫ್ಟ್‌ನರ್ ನೀರೂ ಬೇಡ, ಅದು ಕ್ಯಾಲ್ಸಿಯಂ ಬದಲು ಸೋಡಿಯಂ ತುಂಬುತ್ತದೆ. ಗಡಸುತನ ಇಳಿಸಲೇಬೇಕೆಂದರೆ ಆರ್‌ಓ ಶುದ್ಧ ನೀರನ್ನು ಅರ್ಧಕ್ಕರ್ಧ ಬೆರೆಸಿ, ಮತ್ತು ಪ್ರತಿ ಸಲವೂ ಅದೇ ಅಳತೆ ಇರಲಿ. ನನ್ನ ಸಲಹೆ ಕೇಳಿದರೆ ಇದ್ದ ನೀರಿಗೆ ಒಗ್ಗುವ ಮೀನನ್ನೇ ಸಾಕಿ. ಗಪ್ಪಿ, ಪ್ಲಾಟಿ ಎರಡೂ ಗಡಸು ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ.

ಇನ್ನು ಅಲಂಕಾರ. ಒಳಗಿಟ್ಟ ಪ್ರತಿಯೊಂದೂ ನೀರಿಗೆ ಏನೋ ಒಂದನ್ನು ಬಿಡುತ್ತದೆ, ಇಲ್ಲವೇ ಕೊಳೆಯನ್ನು ಹಿಡಿದಿಡುತ್ತದೆ. ಆರಿಸುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಕಪ್ಪೆಚಿಪ್ಪು ತೆಗೆಯಿರಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ನಿಮ್ಮ ನೀರಿಗೆ ಇನ್ನಷ್ಟು ಬೇಕಿಲ್ಲ. ಸುರುಳಿ ಚಿಪ್ಪಿನೊಳಗೆ ಆಹಾರ ಸಿಕ್ಕಿ ಕೊಳೆಯುತ್ತದೆ, ಚಿಕ್ಕ ಮೀನು ಒಳಹೊಕ್ಕು ಸಿಕ್ಕಿಬೀಳುವುದೂ ಉಂಟು. ನೀಲಿ ಜಲ್ಲಿಯನ್ನು ಬಿಳಿ ಬಟ್ಟೆಯಲ್ಲಿ ತಿಕ್ಕಿ ನೋಡಿ, ಬಣ್ಣ ಹತ್ತಿದರೆ ಅದೂ ಬೇಡ. ಆದರೆ ಒಂದೇ ದಿನ ಎಲ್ಲವನ್ನೂ ಎತ್ತಬೇಡಿ, ಅದರ ಮೇಲೂ ಬ್ಯಾಕ್ಟೀರಿಯ ಇರುತ್ತವೆ. ವಾರಕ್ಕೆ ಮೂರನೇ ಒಂದು ಭಾಗ ತೆಗೆಯುತ್ತ ಹೋಗಿ. ಬದಲಿಗೆ 2ರಿಂದ 4 ಮಿಲಿಮೀಟರಿನ ನದಿ ಜಲ್ಲಿ, ಸುಮಾರು 14 ಕೆಜಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ, ಸೋಪು ಮುಟ್ಟಿಸಬೇಡಿ. ಮುಂದೆ 3 ಸೆಂಟಿಮೀಟರ್, ಹಿಂದೆ 7 ಸೆಂಟಿಮೀಟರ್ ಇಳಿಜಾರು ಕೊಟ್ಟರೆ ಒಂದಡಿ ಅಗಲದ ಟ್ಯಾಂಕಿಗೂ ಆಳ ಕಾಣುತ್ತದೆ, ಕಸ ಮುಂದಕ್ಕೆ ಜಾರಿ ಪೈಪಿನಿಂದ ಎಳೆಯಲು ಸುಲಭ.

ಕಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಮನೆ ಕಟ್ಟುವಾಗ ಉಳಿದ ಶಹಾಬಾದ್ ಚಪ್ಪಡಿಯ ಚೂರು, ಕಡಪ ಕಲ್ಲು ನೋಡಲು ಚೆಂದ, ಆದರೆ ಎರಡೂ ಸುಣ್ಣದ ಕಲ್ಲುಗಳೇ. ಅಮೃತಶಿಲೆಯೂ ಅಷ್ಟೆ. ಸಾದರಹಳ್ಳಿ ಕಲ್ಲು ಗ್ರಾನೈಟ್, ನಿರಾತಂಕವಾಗಿ ಬಳಸಿ. ಬಿಳಿ ಬೆಣಚುಕಲ್ಲೂ ಆಗುತ್ತದೆ. ಅನುಮಾನವಿದ್ದರೆ ಒಣಕಲ್ಲನ್ನು ಮೊಳೆಯಿಂದ ಗೀರಿ, ಪುಡಿ ಎದ್ದ ಜಾಗಕ್ಕೆ ನಾಲ್ಕು ಹನಿ ವಿನೆಗರ್ ಬಿಟ್ಟು ಹತ್ತಿರದಿಂದ ನೋಡಿ. ಗುಳ್ಳೆ ಎದ್ದರೆ ಸುಣ್ಣವಿದೆ. ಗೀರದೆ ಹಾಕಿದರೆ ಕೆಲವು ಕಲ್ಲು ಮೋಸ ಮಾಡುತ್ತವೆ, ವಿನೆಗರ್ ಅಷ್ಟು ಪ್ರಬಲವಲ್ಲ. ದೊಡ್ಡ ಕಲ್ಲನ್ನು ಜಲ್ಲಿಯ ಮೇಲಿಡದೆ, ತಳದಲ್ಲಿ ತೆಳುವಾದ ಪ್ಲಾಸ್ಟಿಕ್ ಜಾಲರಿ ಹಾಸಿ ಅದರ ಮೇಲೆ ಕೂರಿಸಿ, ಆಮೇಲೆ ಸುತ್ತ ಜಲ್ಲಿ ತುಂಬಿ. ಮೀನು ಕೆದಕಿದರೂ ಉರುಳಿ ಗಾಜು ಒಡೆಯುವುದಿಲ್ಲ. ಕಲ್ಲು, ಮರದ ಮುಖ್ಯ ಗುಂಪು ನಟ್ಟನಡುವೆ ಬೇಡ. ಒಂದು ಬದಿಯಿಂದ ಮೂರನೇ ಒಂದು ಭಾಗದಲ್ಲಿರಲಿ, ಇನ್ನೊಂದು ಬದಿ ಈಜಲು ಖಾಲಿ ಬಿಡಿ. ಹಿಂಗಾಜಿನ ಹೊರಗೆ ಕಪ್ಪು ಚಾರ್ಟ್ ಅಂಟಿಸಿದರೆ ಗಪ್ಪಿಯ ಬಣ್ಣ ಎದ್ದು ಕಾಣುತ್ತದೆ. ಹವಳದ ಚಿತ್ರದ ಪೋಸ್ಟರಿಗಿಂತ ಇದು ಎಷ್ಟೋ ಮೇಲು.

ಮರದ ಬೊಡ್ಡೆಯನ್ನು ಅಂಗಡಿಯಿಂದಲೇ ತನ್ನಿ. ಒಂದೆರಡು ಗಂಟೆ ಕುದಿಸಿ, ಒಂದೆರಡು ವಾರ ನೆನೆಸಿ, ಮುಳುಗಿದ ಮೇಲೆ ಒಳಗಿಡಿ. ನೀರು ಟೀ ಬಣ್ಣಕ್ಕೆ ತಿರುಗುವುದು ಟ್ಯಾನಿನ್‌ನಿಂದ, ಹಾನಿಯಿಲ್ಲ. ಮೊದಮೊದಲು ಮೇಲೆ ಕಟ್ಟುವ ಬಿಳಿ ಲೋಳೆಯೂ ತಾನೇ ಹೋಗುತ್ತದೆ.

ಪ್ಲಾಸ್ಟಿಕ್ ಗಿಡದ ಅಂಚು ಗಪ್ಪಿಯ ಬಾಲ ಹರಿಯುತ್ತದೆ, ಜೀವಂತ ಗಿಡವಾದರೆ ಅಮೋನಿಯವನ್ನೂ ನೈಟ್ರೇಟನ್ನೂ ಹೀರುತ್ತದೆ. ವ್ಯಾಲಿಸ್ನೇರಿಯಾಗೆ ಗಡಸು ನೀರೇ ಇಷ್ಟ, ಹಿಂದಿನ ಸಾಲಿಗೆ ನೆಡಿ. ಜಾವಾ ಫರ್ನ್, ಅನೂಬಿಯಾಸ್ ಗಿಡಗಳ ದಪ್ಪ ಅಡ್ಡಕಾಂಡವನ್ನು ಜಲ್ಲಿಯಲ್ಲಿ ಹೂಳಿದರೆ ಕೊಳೆಯುತ್ತದೆ. ಹತ್ತಿ ದಾರದಿಂದ ಬೊಡ್ಡೆಗೆ ಕಟ್ಟಿ. ಕ್ರಿಪ್ಟೊಕೊರೈನ್ ನೆಟ್ಟರೆ ಮೊದಲ ವಾರಗಳಲ್ಲಿ ಎಲೆಯೆಲ್ಲ ಕರಗಬಹುದು. ಕಿತ್ತೆಸೆಯಬೇಡಿ, ಬೇರಿನಿಂದ ಹೊಸದು ಚಿಗುರುತ್ತದೆ. ಈ ಕುಲದ ಕೆಲವು ಗಿಡಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳವೇ. ದೀಪ ದಿನಕ್ಕೆ 6 ಗಂಟೆ, ಟೈಮರಿನಲ್ಲಿ. ಟ್ಯಾಂಕಿಗೆ ಕಿಟಕಿಯ ಬಿಸಿಲು ಬಿದ್ದರೆ ಪಾಚಿಯ ಜೊತೆ ಗುದ್ದಾಟ ತಪ್ಪದು.

ಫಿಲ್ಟರ್ ಹಗಲೂ ರಾತ್ರಿ ಓಡಬೇಕು, ಗಂಟೆಗೆ 250ರಿಂದ 300 ಲೀಟರಿನದು ಸಾಕು. ಸ್ಪಂಜಿನಲ್ಲಿ ನೀರು ಹರಿಯುವುದು ನಿಧಾನವಾದಾಗ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಕರೆಂಟು ಗಂಟೆಗಟ್ಟಲೆ ಹೋಗುವ ಕಡೆ ಬ್ಯಾಟರಿ ಏರ್ ಪಂಪ್ ಇರಲಿ, ಗಾಳಿಯ ಕೊಳವೆಗೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನು ಸೇರುತ್ತದೆ. ಡಿಸೆಂಬರ್, ಜನವರಿಗೆ 50 ವಾಟಿನ ಹೀಟರ್ ಅನ್ನು 25 ಡಿಗ್ರಿಗಿಡಿ. ನೀರು ತೆಗೆಯುವ ಮೊದಲು ಸ್ವಿಚ್ ಆರಿಸುವುದನ್ನು ಮರೆಯಬೇಡಿ, ಬಿಸಿ ಹೀಟರ್ ಗಾಳಿಗೆ ತೆರೆದುಕೊಂಡರೆ ಗಾಜು ಸೀಳುತ್ತದೆ.

ಅಮೋನಿಯ, ನೈಟ್ರೈಟ್ ಎರಡೂ ಸತತ ಒಂದು ವಾರ ಸೊನ್ನೆ ತೋರಿಸಿದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಹೊಸ ಮೀನು ಆಮೇಲೆ, ಒಮ್ಮೆಗೆ ಮೂರೋ ನಾಲ್ಕೋ, ಎರಡು ವಾರದ ಅಂತರದಲ್ಲಿ. ಕವರನ್ನು 15 ನಿಮಿಷ ತೇಲಿಸಿ, ಸ್ವಲ್ಪಸ್ವಲ್ಪ ಟ್ಯಾಂಕಿನ ನೀರು ಬೆರೆಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ಒಳಗೆ ಬೇಡ. ಗಪ್ಪಿಯಲ್ಲಿ ಒಂದು ಗಂಡಿಗೆ ಎರಡು ಮೂರು ಹೆಣ್ಣಿರಲಿ, ಮರಿ ಬೇಡವೆಂದರೆ ಗಂಡು ಮಾತ್ರ ತನ್ನಿ. ಪಾಚಿ ತಿನ್ನಲೆಂದು ಸಕ್ಕರ್ ಮೀನು ಕೊಡುತ್ತಾರೆ. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ಆಮೇಲೆ ಜನ ಕೆರೆಗೆ ಬಿಡುತ್ತಾರೆ, ಕೆರೆಯ ಮೀನಿಗೆ ಅದು ಕಂಟಕ. ನಿಮಗೆ ನೆರೈಟ್ ಬಸವನಹುಳು ಎರಡು ಮೂರು ಸಾಕು. ನಿಮ್ಮ ಗಡಸು ನೀರು ಅವುಗಳ ಚಿಪ್ಪಿಗೆ ಒಳ್ಳೆಯದೇ.